ದಣಿದದ್ದು ಕಬ್ಬಿಣ, ನನ್ನಣ್ಣನಲ್ಲ

ಮಾನ್ಯ ಕಾರ್ಖಾನೆ ಸುರಕ್ಷತಾಧಿಕಾರಿಗಳೇ,

ನನ್ನ ಅಣ್ಣನ ಸಾವಿಗೆ ಅವನ ದಣಿವೇ ಕಾರಣವೆಂದು ತಾವು ಸಹಿ ಹಾಕಿದ್ದೀರಿ. ಅದು ಸುಳ್ಳು. ಬೇಕೆಂದೇ ಹೇಳಿದ ಸುಳ್ಳಲ್ಲ ಎಂದು ನಂಬುವಷ್ಟು ಔದಾರ್ಯ ನನ್ನಲ್ಲಿ ಇನ್ನೂ ಉಳಿದಿದೆ. ತಾವು ಒಂದು ಪದವನ್ನು ತಪ್ಪಾಗಿ ಓದಿದ್ದೀರಿ. ಶಾಲೆಯಲ್ಲಿ ಭಾಷೆ ಕಲಿಸುವ ನನಗೆ ತಪ್ಪು ಓದುವವರು ಹೊಸಬರೇನಲ್ಲ. ಆದರೆ ನನ್ನ ತರಗತಿಯ ಮಕ್ಕಳು ತಪ್ಪು ಓದಿದರೆ ಯಾರ ಜೀವಕ್ಕೂ ಅಪಾಯವಿಲ್ಲ.

ಅಣ್ಣ ತಗಡು ಒತ್ತುವ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಬೆಳಗಿನ ಪಾಳಿ ಶುರುವಾದ ಸ್ವಲ್ಪ ಹೊತ್ತಿಗೇ ಪ್ರೆಸ್ಸಿನ ದೊಡ್ಡ ಚಕ್ರ ತಿರುಗುತ್ತಿದ್ದಂತೆಯೇ ಒಡೆದು, ಅದರ ತುಂಡೊಂದು ಅವನ ಎದೆಗೆ ಬಡಿಯಿತು. ಆ ಚಕ್ರ ಎರಕದ ಕಬ್ಬಿಣದ್ದು. ಗಟ್ಟಿಯಾಗಲೆಂದು ನಿಕ್ಕಲ್, ಕ್ರೋಮಿಯಂ ಬೆರೆಸಿ ಹೊಯ್ದದ್ದು. ತುಂಡುಗಳು ಪ್ರಯೋಗಾಲಯಕ್ಕೆ ಹೋದವು. ಅಲ್ಲಿಂದ ಬಂದ ವರದಿಯಲ್ಲಿ ‘ಮುರಿತಕ್ಕೆ ಕಾರಣ: ದಣಿವು’ ಎಂದಿತ್ತು. ತಮ್ಮ ಆದೇಶದಲ್ಲಿ ಅದು ‘ಅಪಘಾತಕ್ಕೆ ಕಾರಣ: ನೌಕರನ ದಣಿವು’ ಎಂದಾಯಿತು. ಜೊತೆಗೆ ಶೆಡ್ಡಿನ ಗೋಡೆಗೆ ಒಂದು ಫಲಕವೂ ಬಂತು: ‘ಚೆನ್ನಾಗಿ ನಿದ್ದೆ ಮಾಡಿ, ಎಚ್ಚರದಿಂದ ದುಡಿಯಿರಿ.’ ತಮ್ಮ ಕಾಳಜಿಗೆ ನಾವು ಋಣಿಗಳು.

ಅಣ್ಣ ಅಂದು ರಜೆ ಮುಗಿಸಿಕೊಂಡು ಕೆಲಸಕ್ಕೆ ಹೋಗಿದ್ದ. ಹಿಂದಿನ ದಿನ ಊಟವಾದದ್ದೇ ಮಲಗಿ, ಗೊರಕೆ ಹೊಡೆದು ಮನೆಮಂದಿಯ ನಿದ್ದೆ ಕೆಡಿಸಿದ ಪುಣ್ಯಾತ್ಮ. ಅದಕ್ಕೇ ಅತ್ತಿಗೆ ಬೆಳಿಗ್ಗೆ ಅವನನ್ನು ಬೈದು ಕಳಿಸಿದ್ದರು. ಈಗ ಆ ಬೈಗುಳ ನೆನಪಾದಾಗಲೆಲ್ಲ ಅವರು ಅಳುತ್ತಾರೆ.

ವರದಿ ಬರೆದ ಇಂಜಿನಿಯರನ್ನು ನಾನೇ ಹೋಗಿ ಕಂಡೆ. ಅವರು ತಾವು ಹೊರಡಿಸಿದ ಈ ಆದೇಶವನ್ನು ಎರಡೆರಡು ಸಲ ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮೇಡಂ, ನಾವು ಬರ್ದಿದ್ದು ಕಬ್ಬಿಣದ ದಣಿವು. ನಿಮ್ಮಣ್ಣಂದಲ್ಲ.”

ಕಬ್ಬಿಣವೂ ದಣಿಯುತ್ತದಂತೆ. ಅದೇ ಎರಕದಿಂದ ಮಾಡಿದ ಮಾದರಿ ಸರಳನ್ನು ಒಂದೇ ಸಲ ಮುರಿಯುವ ತನಕ ಜಗ್ಗಿ ನೋಡುವುದು ಬಲದ ಪರೀಕ್ಷೆ; ಅದರಲ್ಲಿ ಆ ಎರಕ ಪಾಸಾಗಿತ್ತು. ಆದರೆ ಪ್ರೆಸ್ಸಿನ ಪ್ರತಿ ಹೊಡೆತಕ್ಕೂ ಚಕ್ರ ಅದುರುತ್ತದೆ. ಸಣ್ಣ ಅದುರಾಟವೇ ಆದರೂ ಲಕ್ಷಾಂತರ ಸಲ ಮರುಕಳಿಸಿದರೆ ಎರಕದೊಳಗಿನ ಗಾಳಿಗುಳ್ಳೆಯೊಂದರ ಬಳಿ ಕೂದಲೆಳೆಯಂಥ ಬಿರುಕು ಹುಟ್ಟಿ, ಬೆಳೆದು, ಒಂದು ದಿನ ಚಕ್ರವನ್ನೇ ಸೀಳುತ್ತದೆ. ಅದನ್ನು ಮೊದಲೇ ತಿಳಿಯಬೇಕಾದರೆ ಸರಳನ್ನು ಬಾಗಿಸಿ ತಿರುಗಿಸುತ್ತಾ, ಎಷ್ಟು ತಾಳುತ್ತದೆಂದು ದಿನಗಟ್ಟಲೆ ಕಾಯಬೇಕು. ಆ ಪರೀಕ್ಷೆಯನ್ನು ಯಾರೂ ಮಾಡಿಸಿರಲಿಲ್ಲ. ಮಾಡಿಸಿದಿರಾ ಎಂದು ಕೇಳಬೇಕಾದ ಕಚೇರಿ ತಮ್ಮದು. ನಿಯಮದಲ್ಲಿ ಬಲದ ಪರೀಕ್ಷೆ ಎಂದಷ್ಟೇ ಇದೆ ಅನ್ನುತ್ತೀರಾ? ಹಾಗಾದರೆ ಚಕ್ರವೂ ನಿಯಮ ಓದಿಕೊಂಡು ಒಂದೇ ಒಂದು ಸಲ ತಿರುಗಿ ಸುಮ್ಮನಾಗಬೇಕಿತ್ತು.

ಇಷ್ಟು ಬರೆದು ನಾನೂ ಸುಮ್ಮನಾಗಬಹುದಿತ್ತು. ಆದರೆ ಅದೇ ಕಬ್ಬಿಣದಲ್ಲಿ ಹೊಯ್ದ ಇನ್ನೊಂದು ಚಕ್ರ ಪಕ್ಕದ ಪ್ರೆಸ್ಸಿನಲ್ಲಿ ಈಗಲೂ ತಿರುಗುತ್ತಿದೆ. ದಣಿದಿದ್ದವನೇ ಸತ್ತುಹೋದನೆಂದ ಮೇಲೆ ಅದನ್ನೇಕೆ ನಿಲ್ಲಿಸುತ್ತಾರೆ? ಅನುಕಂಪದ ಮೇಲೆ ಅತ್ತಿಗೆಗೆ ಅಲ್ಲಿಯೇ ನೌಕರಿ ಕೊಟ್ಟಿದ್ದಾರೆ: ಅದೇ ಶೆಡ್ಡಿನಲ್ಲಿ, ಆ ಚಕ್ರದ ಎದುರಿನ ಪ್ಯಾಕಿಂಗ್ ಮೇಜಿನಲ್ಲಿ. ಆ ಕೆಲಸ ಬಿಟ್ಟುಬಿಡಿ ಎಂದು ಅತ್ತಿಗೆಯನ್ನು ಅಂಗಲಾಚಿದೆ.

“ಬಿಟ್ರೆ ಮಕ್ಳು ಏನ್ ತಿಂತಾರೆ, ನೀನು ಬರಿಯೋ ಪತ್ರಾನಾ?” ಅಂದರು.

ಅದಕ್ಕೆ ಉತ್ತರ ತಮ್ಮಲ್ಲಿದೆ. ಆ ಪ್ರೆಸ್ಸನ್ನು ಇಂದೇ ನಿಲ್ಲಿಸಿ. ಒಡೆದ ಚಕ್ರದ ತುಂಡಿನಿಂದಲೇ ಸರಳು ಕತ್ತರಿಸಿ ದಣಿವಿನ ಪರೀಕ್ಷೆ ಮಾಡಿಸಿ. ಅಣ್ಣನ ಮೇಲೆ ಹೊರಿಸಿದ ಆರೋಪವನ್ನು ಅಳಿಸಿ. ಎಲ್ಲವೂ ಒಟ್ಟಿಗೆ ಆಗದಿದ್ದರೆ ಮೊದಲು ಪ್ರೆಸ್ ನಿಲ್ಲಿಸಿ. ಅಣ್ಣನದು ಆಮೇಲೆ ಆಗಲಿ, ಅವನಿಗೀಗ ಅವಸರವಿಲ್ಲ.

ಇಂತಿ,
ನಾಳೆ ಬೆಳಿಗ್ಗೆಯೂ ಅತ್ತಿಗೆಗೆ ಊಟದ ಡಬ್ಬಿ ಕಟ್ಟಿ ಅಲ್ಲಿಗೇ ಕಳಿಸಬೇಕಾದ
ನಾದಿನಿ