ಕಿಂಡಿ ನೋಡಬೇಡ, ಹರಳು ನೋಡು

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ಹೇಳೋಣವೆಂದರೆ ನೀನು ಕೇಳಿಸಿಕೊಳ್ಳುವವಳಲ್ಲ. ಅಂಗಡಿಯ ಸುದ್ದಿ ಎತ್ತಿದ ಕೂಡಲೇ ನಿನ್ನ ಒಲೆಯ ಮೇಲೆ ಹಾಲು ಉಕ್ಕುತ್ತದೆ, ಬಾಗಿಲಿಗೆ ಯಾರೋ ಬರುತ್ತಾರೆ. ಅದಕ್ಕೇ ಈ ಕಾಗದ. ಹಾಲು ಇಳಿಸಿ ಬಂದು ಕೊನೆಯವರೆಗೆ ಓದು.

ಅಂಗಡಿ ನೀನು ಬಿಟ್ಟು ಹೋದ ಹಾಗೆಯೇ ಇದೆ. ಬೇಡವಾದ ಕಂಪ್ಯೂಟರುಗಳನ್ನು ಜನ ಈಗಲೂ ಚೀಲದಲ್ಲಿ ತಂದು ಸುರಿಯುತ್ತಾರೆ, ನಾನು ನೀನು ಕಲಿಸಿದಂತೆಯೇ ಬೇರ್ಪಡಿಸುತ್ತೇನೆ. ಹೊಟ್ಟೆಯಲ್ಲಿ ಗುಂಡು ಇರುವ ಮೌಸ್ ಒಂದು ಬುಟ್ಟಿಗೆ, ದುಂಡು ಪಿನ್ನಿನ ಕೀಬೋರ್ಡ್ ಇನ್ನೊಂದಕ್ಕೆ. ಕೆಲಸ ಮಾಡುವ ದಪ್ಪ ಮಾನಿಟರುಗಳನ್ನು ಒರೆಸಿ ಗೋಡೆಗೆ ಜೋಡಿಸಿದ್ದೇನೆ. ಅವುಗಳಲ್ಲೊಂದು ಈಗ ಗೋದಾಮಿನ ಕಾವಲುಗಾರನಿಗೆ ಕ್ಯಾಮೆರಾದಲ್ಲಿ ಕಾಣುವ ಗೇಟು ತೋರಿಸುತ್ತಿದೆ. ಅವನು ಅದನ್ನು ಟಿವಿ ಎನ್ನುತ್ತಾನೆ, ಸಿನಿಮಾ ಬರುವುದಿಲ್ಲವೆಂದು ನನ್ನ ಮೇಲೆ ಮುನಿಸು.

ಹೋದ ವಾರ ಲೇತ್ ಕಾರ್ಖಾನೆಯವರೊಬ್ಬರು ಬಂದಿದ್ದರು. ಅವರ ಯಂತ್ರ ನಡೆಸುವುದು ಹಳೆಯ ಕಾಲದ ಕಂಪ್ಯೂಟರ್. ಅದರೊಳಗೆ ಮಾನಿಟರಿಗೆ ಚಿತ್ರ ಕಳಿಸುವ ಕಾರ್ಡ್ ಕೆಟ್ಟು ಕೆಲಸವೆಲ್ಲ ನಿಂತಿದೆ. "ಒಂದೇ ಬಣ್ಣದ ಮಾನಿಟರಿನ ಕಾರ್ಡು ಬೇಕಿತ್ತಮ್ಮ, ಎಲ್ಲೂ ಸಿಗ್ತಿಲ್ಲ" ಎಂದರು. ಬುಟ್ಟಿಗಳನ್ನೆಲ್ಲ ತಡಕಾಡಿದೆ. ಇರಲಿಲ್ಲ. ಆಗ ಅಟ್ಟದ ನೆನಪಾಯಿತು. ನೆನಪಾಗದಿದ್ದರೆ ಚೆನ್ನಾಗಿತ್ತು ಎಂದುಕೊಳ್ಳುತ್ತಲೇ ಏಣಿ ಹಾಕಿದೆ.

ಅಮ್ಮನ ಕಂಪ್ಯೂಟರ್ ನೀನು ಹೊದಿಸಿದ ಬೆಡ್‌ಶೀಟಿನಲ್ಲೇ ಇತ್ತು. ಆ ಮಾನಿಟರನ್ನು ನೀನು ಎಷ್ಟು ಹುಡುಕಿ ತಂದಿದ್ದೆ. ಬಿಳಿ ಪರದೆಯ ಮುಂದೆ ಕೂತರೆ ಅಮ್ಮನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅಚ್ಚಿನ ಪುಸ್ತಕವಂತೂ ದೂರದ ಮಾತು. ಕಪ್ಪು ಪರದೆಯ ಮೇಲೆ ಕಿತ್ತಳೆ ಬಣ್ಣದ ದಪ್ಪ ಅಕ್ಷರ ಮೂಡಿದ ದಿನ, ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಲೇ ಆಯುಸ್ಸು ಕಳೆದ ಅಮ್ಮ ನಾವು ಟೈಪ್ ಮಾಡಿಕೊಟ್ಟ ಕಥೆಯ ಮೊದಲ ಪುಟದಲ್ಲೇ ತಪ್ಪು ಹುಡುಕಿ ನಮ್ಮಿಬ್ಬರನ್ನೂ ಬೈದಳು. ಅಷ್ಟು ಸುಖದ ಬೈಗುಳವನ್ನು ನಾನು ಮತ್ತೆ ತಿಂದಿಲ್ಲ. ಆನ್ ಮಾಡಿದಾಗಲೆಲ್ಲ ಅದು ತಾರೀಖು ಕೇಳುತ್ತಿತ್ತಲ್ಲ, "ಪಾಪ, ಇದಕ್ಕೆ ನನಗಿಂತ ಮರೆವು ಜಾಸ್ತಿ" ಎನ್ನುತ್ತಿದ್ದಳು.

ಆಮೇಲೆ ಆ ದಿನ. ಹಳೆಯ ಕಾರ್ಡ್ ಕೆಟ್ಟಿತ್ತು. ಮೇಜಿನ ಮೇಲೆ ಎರಡು ಕಾರ್ಡುಗಳಿದ್ದವು, ಒಂದೇ ಬಣ್ಣದ್ದೊಂದು, ಬಣ್ಣಬಣ್ಣದ್ದೊಂದು. ಕಥೆ ಅರ್ಧಕ್ಕೆ ನಿಂತಿದೆಯೆಂದು ಅಮ್ಮ ಅವಸರ ಮಾಡುತ್ತಿದ್ದಳು. ನೀನು ಒಂದನ್ನು ಹಾಕಿ, ಮುಚ್ಚಳ ಬಿಗಿದು, ಕರೆಂಟ್ ಕೊಟ್ಟೆ. ಪರದೆ ಒಂದು ಗೆರೆಯಾಗಿ ಆರಿಹೋಯಿತು, ಕಮರು ವಾಸನೆ ಬಂತು. "ಕಲರ್ ಕಾರ್ಡ್ ಹಾಕ್ಬಿಟ್ಟೆ ಕಣೇ. ಸುಟ್ಟುಹಾಕ್ಬಿಟ್ಟೆ" ಎಂದೆ ನೀನು. ಇನ್ನೊಂದು ಕಾರ್ಡನ್ನು ತಿರುಗಿಯೂ ನೋಡದೆ ಗುಜರಿಗೆ ತಳ್ಳಿದೆ.

ಎಲ್ಲರಿಗೂ ನೀನೇ ಹೇಳಿಕೊಡುತ್ತಿದ್ದ ಪಾಠ ಅದು. "ಒಂಬತ್ತು ತೂತಿನ ಕಿಂಡಿ ಎರಡು ಥರದ ಕಾರ್ಡಿಗೂ ಇರುತ್ತೆ. ಕೂತ್ಕೊಳ್ತು ಅಂತ ಕರೆಂಟ್ ಕೊಟ್ರೆ ಮಾನಿಟರ್ ಕಥೆ ಮುಗೀತು. ಕಿಂಡಿ ನೋಡ್ಬೇಡ, ಹರಳು ನೋಡು." ಹರಳೆಂದರೆ ಕಾರ್ಡಿನ ಮೂಲೆಯಲ್ಲಿ ತಗಡು ಹೊದ್ದಿರುವ ಆ ಪುಟ್ಟ ಕ್ರಿಸ್ಟಲ್, ಅದರ ಮೇಲಿನ ಸಂಖ್ಯೆ ಹದಿನಾರರಿಂದ ಶುರುವಾದರೆ ಒಂದೇ ಬಣ್ಣದ್ದು. ಗುರುತು ಹಿಡಿಯುವುದರಲ್ಲಿ ನೀನು ಒಮ್ಮೆಯೂ ತಪ್ಪಿದವಳಲ್ಲ. ಹಾಗಾಗಿ ನೀನು ನಿನ್ನ ಮೇಲೆಯೇ ತಪ್ಪು ಹೊರಿಸಿಕೊಂಡಾಗಲೂ ನಾವು ನಂಬಿಬಿಟ್ಟೆವು. ಮುಚ್ಚಳ ತೆಗೆದು ನೋಡುವ ಮನಸ್ಸು ಯಾರಿಗೂ ಇರಲಿಲ್ಲ. "ಹೋಗ್ಲಿ ಬಿಡೇ, ನಂಗೂ ಓದಿ ಸಾಕಾಗಿತ್ತು" ಎಂದಳು ಅಮ್ಮ. ಅದು ಸುಳ್ಳೆಂದು ನಿನಗೂ ಗೊತ್ತಿತ್ತು, ನನಗೂ. ಅಂಥ ಇನ್ನೊಂದು ಮಾನಿಟರ್ ಎಲ್ಲೂ ಸಿಗಲಿಲ್ಲ. ನೀನು ಮತ್ತೆ ಆ ಮೇಜಿಗೆ ಕೂರಲಿಲ್ಲ, ಬಟ್ಟೆ ಅಂಗಡಿಯ ಗಲ್ಲಾ ಹಿಡಿದೆ. ಅಮ್ಮ ಕಿಟಕಿಯ ಪಕ್ಕ ಕೈಕಟ್ಟಿ ಕೂರುವುದನ್ನು ಕಲಿತಳು, ಹಾಗೆಯೇ ಹೋದಳು.

ಅಕ್ಕ, ನಾನು ಮುಚ್ಚಳ ತೆಗೆದೆ. ಆ ಕೆಟ್ಟ ಹಳೆಯ ಕಾರ್ಡೇನಾದರೂ ಒಳಗೆ ಉಳಿದಿದ್ದರೆ ರಿಪೇರಿ ಮಾಡಿ ಕೊಡೋಣವೆಂದುಕೊಂಡಿದ್ದೆ. ನೀನು ಆ ದಿನ ಹಾಕಿದ ಕಾರ್ಡ್ ಮಾತ್ರ ಇತ್ತು, ಅದನ್ನು ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿದೆ. ಹರಳಿನ ಮೇಲೆ ಹದಿನಾರು ಇದೆ.

ನಂಬಿಕೆ ಬರದೆ ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ನೀನು ಹಾಕಿದ್ದು ಸರಿಯಾದ ಕಾರ್ಡೇ. ಮಾನಿಟರಿನ ಬೆನ್ನನ್ನೂ ಬಿಚ್ಚಿದೆ, ಶಾಕ್ ಎದೆಗೆ ಹಾಯದಂತೆ ನೀನು ಹೇಳಿಕೊಟ್ಟ ಹಾಗೆ ಒಂದು ಕೈ ಬೆನ್ನ ಹಿಂದೆ ಇಟ್ಟುಕೊಂಡೇ. ತಪ್ಪು ಕಾರ್ಡ್ ಸುಡುವ ಜಾಗದಲ್ಲಿ ಒಂದು ಕಲೆಯೂ ಇಲ್ಲ. ಕರೆಂಟ್ ಬರುವ ಕಡೆ ಒಂದು ಕೆಪಾಸಿಟರ್ ಒಣಗಿ ಉಬ್ಬಿ ಸೀಳಿದೆ. ವಯಸ್ಸಾಗಿತ್ತು, ಅಷ್ಟೇ. ನೀನು ಆ ದಿನ ಮುಟ್ಟದಿದ್ದರೂ ಅದು ಹೋಗುವುದೇ ಇತ್ತು. ಸತ್ತ ಮಾನಿಟರೊಂದರಿಂದ ಅಂಥದ್ದೇ ಕಿತ್ತು ಬೆಸುಗೆ ಹಾಕಿದೆ. ಕಾಫಿ ಕಾಯಿಸುವಷ್ಟೂ ಹೊತ್ತು ಹಿಡಿಯಲಿಲ್ಲ. ಪರದೆ ನಿಧಾನಕ್ಕೆ ಬೆಚ್ಚಗಾಗಿ ಅಮ್ಮನ ಕಿತ್ತಳೆ ಅಕ್ಷರ ಮೂಡಿತು. ಎಂದಿನಂತೆ ತಾರೀಖು ಕೇಳಿತು. ನಾನು ನೆಲದ ಮೇಲೆ ಕೂತು ಅತ್ತೆ. ಇಷ್ಟೇ ಇಷ್ಟು ಕೆಲಸ ಅಂದೇ ಆಗಿದ್ದರೆ ಅಮ್ಮ ಆ ಕಥೆ ಮುಗಿಸುತ್ತಿದ್ದಳಲ್ಲ, ನೀನು ನನ್ನ ಪಕ್ಕದ ಕುರ್ಚಿಯಲ್ಲೇ ಇರುತ್ತಿದ್ದೆಯಲ್ಲ. ಅಮ್ಮನಿಗೆ ಹೇಳುವುದಕ್ಕಂತೂ ಇನ್ನು ದಾರಿಯಿಲ್ಲ.

ನಾನು ಸಮಾಧಾನಕ್ಕೆ ಕತೆ ಕಟ್ಟುತ್ತಿದ್ದೇನೆ ಎಂದುಕೊಳ್ಳುತ್ತೀಯ, ನಿನ್ನನ್ನು ನಾನು ಬಲ್ಲೆ. ಅದಕ್ಕೇ ಕಾರ್ಡನ್ನು ಇನ್ನೂ ಕಾರ್ಖಾನೆಯವರಿಗೆ ಕೊಟ್ಟಿಲ್ಲ. ಅಕ್ಕ ಬಂದು ನೋಡಲಿ, ಆಮೇಲೆ ಎಂದೆ. ಅವರು ಭಾನುವಾರದವರೆಗೆ ಕಾಯಲು ಒಪ್ಪಿದ್ದಾರೆ. ಕೊಟ್ಟರೆ ಅಮ್ಮನ ಪರದೆ ಮತ್ತೆ ಕತ್ತಲಾಗುತ್ತದೆ, ಗೊತ್ತು. ಆದರೆ ಓದುವವರಿಲ್ಲದ ಪರದೆಗಿಂತ ನಿಂತ ಯಂತ್ರ ತಿರುಗಲಿ ಎಂದು ನೀನೇ ಅನ್ನುತ್ತಿದ್ದೆ.

ಬಾ. ಹರಳನ್ನು ನಿನ್ನ ಕಣ್ಣಿನಿಂದಲೇ ಓದು. ಆ ತಾರೀಖನ್ನು ನೀನೇ ತುಂಬು. ಆಮೇಲೆ ಕಾರ್ಡನ್ನು ನಿನ್ನ ಕೈಯಿಂದಲೇ ಬಿಚ್ಚಿ ಅವರಿಗೆ ಕೊಡು.

ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಕೈಗುಣ ಯಾವತ್ತೂ ಕೆಟ್ಟಿರಲಿಲ್ಲ, ಅಕ್ಕ.

ಪಕ್ಕದ ಕುರ್ಚಿಯ ಧೂಳು ಒರೆಸಿಟ್ಟಿರುವ,
ನಿನ್ನ ಮೊಂಡು ತಂಗಿ