ಎಡ ನಳಿಗೆಯ ಗುಂಡು

ಮಂಗಳವಾರ
ಅಂಗಡಿಯ ಹಿಂದಿನ ಕೋಣೆ

ನನ್ನ ಮೊಂಡಿ ಮಗಳೇ,

ಚೆನ್ನಾಗಿದ್ದೀಯಾ? ಬೆಳಿಗ್ಗೆ ನಿಮ್ಮ ಬೀಜದ ಕೇಂದ್ರಕ್ಕೆ ಫೋನ್ ಮಾಡಿ ನಿನಗೆ ತಿಳಿಸಿ ಎಂದು ಗುಮಾಸ್ತರಿಗೆ ಒಂದೇ ಮಾತು ಹೇಳಿದೆ: ಅಪ್ಪ ಕಳಿಸಿದ ಡಬ್ಬಿಯನ್ನು ನನ್ನ ಕಾಗದ ಬರುವವರೆಗೆ ಮುಟ್ಟಬೇಡ, ಅದರಿಂದ ತೋಟಾ ತುಂಬಿದ್ದರೆ ಬಂದೂಕಿಗೆ ಹಾಕಬೇಡ ಎಂದು. ಕಾರಣ ಹೇಳಲಿಲ್ಲ. ನಮ್ಮ ಫೋನು ಅಪ್ಪನ ಕುರ್ಚಿಯ ಪಕ್ಕದಲ್ಲೇ ಇದೆಯಲ್ಲ, ಅದಕ್ಕೆ ಪಕ್ಕದ ಟೈಲರ್ ಅಂಗಡಿಗೆ ಹೋಗಿದ್ದೆ. ಟೈಲರ್ ಕಿವಿ ಅವನ ಕತ್ತರಿಗಿಂತ ಚುರುಕು.

ಈಗ ವಿಷಯಕ್ಕೆ ಬರುತ್ತೇನೆ. ಕಾಡುಹಂದಿಗಳು ಗೆಡ್ಡೆಗಳನ್ನೆಲ್ಲ ಕಿತ್ತು ಹಾಕುತ್ತಿವೆ, ಪೇಟೆಯ ಸ್ಲಗ್ ಗುಂಡು ತರಿಸಲಾ ಎಂದು ನೀನು ಬರೆದಿದ್ದೆ. ಅಪ್ಪ ಎರಡು ದಿನ ಮುಖ ಊದಿಸಿಕೊಂಡು ಕೂತಿದ್ದರು. ಮೈತುಂಬ ಓರೆ ಗೀರು ಇರುವ ಆ ಸೀಸದ ತುಂಡು ಬಂದೂಕು ರಿಪೇರಿಯವನ ಮಗಳಿಗೆ ಯಾಕೆ, ತಾತನ ಜೋಡುನಳಿಗೆ ಬಂದೂಕಿಗೆ ದುಂಡು ಗುಂಡೇ ಲಾಯಕ್ಕು ಎಂದು ಗೊಣಗಿದರು. ಶನಿವಾರ ನನ್ನನ್ನು ಒಲೆಯ ಹತ್ತಿರಕ್ಕೂ ಬಿಡದೆ ತಾವೇ ಸೀಸ ಕರಗಿಸಿ ಹನ್ನೆರಡು ಗುಂಡು ಎರೆದು, ಡಬ್ಬಿ ಕಟ್ಟಿ, ತಾವೇ ಪಾರ್ಸೆಲ್ ಹಾಕಿ ಬಂದರು. ಅಷ್ಟು ಖುಷಿಯಾಗಿ ಅವರು ಊಟ ಮಾಡಿದ್ದನ್ನು ನೋಡಿ ಬಹಳ ದಿನವಾಗಿತ್ತು.

ನಿನ್ನೆ ಒಲೆ ಗುಡಿಸುವಾಗ ಗೋಡೆಯತ್ತ ನೋಡಿದೆ. ನಿನ್ನ ಬಂದೂಕಿಗೆ ಬೇಕಾದ, ಕೆಂಪು ಬಣ್ಣ ಹಚ್ಚಿದ ಚಿಕ್ಕ ಅಚ್ಚು ಮೊಳೆಯಲ್ಲೇ ನೇತಾಡುತ್ತಿತ್ತು, ಅದರ ಹಿಡಿಗೆ ಜೇಡ ಬಲೆ ಕಟ್ಟಿತ್ತು. ಒಲೆಯ ಪಕ್ಕ ಬಿದ್ದಿದ್ದದ್ದು ಕಪ್ಪು ಬಣ್ಣದ ದೊಡ್ಡ ಅಚ್ಚು, ಅದರೊಳಗೆ ಹೊಸ ಸೀಸದ ಪೊರೆ. ನಿನ್ನ ಬಂದೂಕಿನ ಬಲ ನಳಿಗೆ ಬಾಯಿತನಕ ಒಂದೇ ಅಗಲ. ಎಡದ್ದು ಬಾಯಿಯ ಹತ್ತಿರ ಬಿಗಿ. ಕಪ್ಪು ಅಚ್ಚಿನ ಗುಂಡು ಅಲ್ಲಿ ಸಿಕ್ಕಿಕೊಂಡರೆ ನಳಿಗೆಯೇ ಸಿಡಿದೀತು. ಬರೆಯುವಾಗಲೂ ನಿನ್ನ ಕೈಯೇ ಕಣ್ಣ ಮುಂದೆ ಬರುತ್ತಿದೆ.

ನಿನಗೆ ಗೊತ್ತಿರುವುದೇ, ಆದರೂ ಹೇಳುತ್ತೇನೆ. ಬಂದೂಕನ್ನು ಮಡಚಿ ತೆರೆದು ಖಾಲಿ ಇದೆಯೆಂದು ನೋಡಿಕೊಂಡು, ಒಂದೊಂದು ಗುಂಡನ್ನೂ ಹಿಂದಿನಿಂದ ಎಡ ನಳಿಗೆಯೊಳಗೆ ಬಿಡು. ತನ್ನ ಭಾರಕ್ಕೆ ತಾನೇ ಜಾರಿ ಬಾಯಿಂದ ಕೆಳಗೆ ಬೀಳಬೇಕು. ಚಿಕ್ಕವಳಿದ್ದಾಗ ನೀನು ಫ್ರಾಕು ಹರಡಿ ಕೂತು ಅವನ್ನು ಹಿಡಿಯುತ್ತಿದ್ದೆ, ಒಂದು ತಪ್ಪಿದರೂ ಅಳುತ್ತಿದ್ದೆ. ನಿಂತುಬಿಟ್ಟ ಗುಂಡನ್ನು ಹಿಂದಕ್ಕೆ ಉರುಳಿಸಿ ತೆಗೆದು ಬೇರೆ ಇಡು. ಒಂದನ್ನೂ ಬಿಡಬೇಡ.

ಇನ್ನೊಂದು ವಿಷಯ ಇದೆ. ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ. ಅಪ್ಪನಿಗೆ ಕೆಂಪು ಯಾವುದು, ಕಪ್ಪು ಯಾವುದು ತಿಳಿಯುತ್ತಿಲ್ಲ. ಮಧ್ಯಾಹ್ನ ಅವರು ಮಲಗಿದ ಮೇಲೆ ಅವರು ಎರೆದದ್ದನ್ನೆಲ್ಲ ಮತ್ತೆ ಜಾರಿಸಿ ನೋಡುತ್ತೇನೆ, ಕೆಟ್ಟದ್ದನ್ನು ಕರಗಿಸಿ ನಾನೇ ಎರೆಯುತ್ತೇನೆ. ಅಚ್ಚಿನ ಬಾಯಲ್ಲಿ ಗುಂಡಿಗೆ ಉಳಿಯುವ ಸೀಸದ ಬಾಲವನ್ನೂ ಅರದಿಂದ ಉಜ್ಜಿ ನುಣ್ಣಗೆ ಮಾಡುತ್ತೇನೆ. ಅಪ್ಪ ಕತ್ತರಿಸಿ ಬಿಡುತ್ತಾರಷ್ಟೆ, ಗುಂಡೇನು ಉಂಗುರಕ್ಕೆ ಕೂರಿಸುವ ಹರಳೇ ಎಂದು ಹಿಂದೆಲ್ಲ ನನ್ನನ್ನು ರೇಗಿಸುತ್ತಿದ್ದರು. ನನ್ನವು ನಾಲ್ಕಾರು ಹೊಲಿಗೆ ಡಬ್ಬಿಯ ತಳದಲ್ಲಿ ಸದಾ ಇರುತ್ತವೆ. ಗಿರಾಕಿ ಬಂದರೆ ಸದ್ದಿಲ್ಲದೆ ಬದಲಾಯಿಸಿ ಕೊಡುತ್ತೇನೆ. ಗಂಡನಿಗೆ ಮೋಸ ಮಾಡುತ್ತಿದ್ದೇನೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಕಣ್ಣು ಹೋಯಿತು ಎಂದು ಅವರ ಮುಖಕ್ಕೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಆ ಮನುಷ್ಯನಿಗೆ ಈ ಕೆಲಸ ಬಿಟ್ಟರೆ ಬೇರೇನೂ ಇಲ್ಲ, ನಮ್ಮಿಬ್ಬರನ್ನು ಬಿಟ್ಟು.

ಆದ್ದರಿಂದ ಗುಂಡು ಬಂತು, ಚೆನ್ನಾಗಿದೆ ಎಂದು ಅವರಿಗೆ ನಾಲ್ಕು ಸಾಲು ಬರೆ. ಆಮೇಲೆ ರಜೆ ಹಾಕಿ ಬಂದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು. ನಾನು ಡಾಕ್ಟರ ಮಾತೆತ್ತಿದರೆ ಕೆಮ್ಮಿ ಹಾರಿಸುತ್ತಾರೆ. ನಿನ್ನ ಮಾತಿಗೆ ಮಾತ್ರ ಅವರು ಬಗ್ಗುವುದು. ಈ ಕಾಗದವನ್ನು ಓದಿ ಹರಿದು ಹಾಕು.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ಮರೆತೆ: ನಿನ್ನ ಉಣ್ಣೆಯ ಕುಲಾವಿ ಸಿಕ್ಕಿತು, ಬಂದಾಗ ಒಯ್ಯಿ. ಲಕೋಟೆಗೆ ಅಂಟು ಹಾಕಲು ಅಪ್ಪನಿಗೆ ಹೇಳಿ ಸಂತೆಗೆ ಹೊರಟಿದ್ದೇನೆ. ಇಷ್ಟು ಸಣ್ಣ ಅಕ್ಷರ ಅವರಿಗೆ ಎಲ್ಲಿ ಕಾಣಬೇಕು.

*

ಮಗಳೇ, ಇದು ಅಪ್ಪ. ದೊಡ್ಡ ಅಕ್ಷರ ನೋಡಿ ಗೊತ್ತಾಗಿರಬೇಕು. ಬಂದೂಕಿನ ಒಳಭಾಗ ನೋಡುವ ಭೂತಗನ್ನಡಿ ಇಟ್ಟುಕೊಂಡು ಅಮ್ಮನ ಕಾಗದವನ್ನು ಒಂದು ಗಂಟೆ ಓದಿದೆ. ತಪ್ಪು ನನ್ನದೇ.

ಹೆದರಬೇಡ. ಕಪ್ಪು ಅಚ್ಚಿನಲ್ಲಿ ಎರೆದದ್ದು ನಿಜ. ಅಳತೆ ನೋಡಲು ಮೇಜಿನ ಮೇಲಿಟ್ಟಿರುವ ಬಿಗಿ ಬಾಯಿಯ ತುಂಡು ನಳಿಗೆಯಲ್ಲಿ ಮೊದಲನೆಯದನ್ನು ಬಿಟ್ಟೆ. ತಟ್ಟೆಗೆ ಬಿದ್ದ ಸದ್ದು ಬರಲಿಲ್ಲ. ಗುಂಡು ಒಳಗೇ ಸಿಕ್ಕಿಕೊಂಡಿತ್ತು. ಹನ್ನೆರಡನ್ನೂ ಮತ್ತೆ ಸೀಸ ಕರಗಿಸುವ ಮಡಕೆಗೆ ಹಾಕಿದೆ. ನಿನಗೆ ಕಳಿಸಿದ್ದು ಅಮ್ಮನ ಹೊಲಿಗೆ ಡಬ್ಬಿಯ ತಳದಲ್ಲಿದ್ದವನ್ನು. ನಿನಗೆ ಬಂದ ಡಬ್ಬಿಯಲ್ಲಿ ಐದೇ ಇವೆ, ಅವಳಿನ್ನೂ ತನ್ನ ಡಬ್ಬಿಯ ತಳ ನೋಡಿಲ್ಲ. ಬೆರಳಿನಿಂದ ಮುಟ್ಟಿ ನೋಡು, ಬಾಲ ಇರುವುದಿಲ್ಲ. ನನಗಿಂತ ಚೆನ್ನಾಗಿ ಎರೆಯುತ್ತಾಳೆ. ಆದರೂ ಅವಳು ಹೇಳಿದಂತೆ ಜಾರಿಸಿಯೇ ನೋಡು.

ಡಾಕ್ಟರ ಹತ್ತಿರ ಬರುತ್ತೇನೆ, ನೀನು ಬಾ. ನನಗೆ ಗೊತ್ತೆಂದು ಮಾತ್ರ ಅಮ್ಮನಿಗೆ ಹೇಳಬೇಡ. ಅವಳು ಅರ ಉಜ್ಜುವುದನ್ನು ಕೇಳುತ್ತಾ ಕಣ್ಣು ಮುಚ್ಚಿ ಮಲಗಿರುತ್ತೇನೆ. ಎರಡು ವರ್ಷದಿಂದ ಒಂದು ಮಧ್ಯಾಹ್ನವೂ ನಾನು ನಿದ್ದೆ ಮಾಡಿಲ್ಲ.