ಅಮ್ಮನಿಗೆ ನಿಲ್ಲೋದು ಬಂತು

ಪುಟ್ಟಿ,

ಬೆಳಗಿನ ಬಸ್ಸು ಇವತ್ತು ನನ್ನ ಪಾಲಿಗೆ, ಹೊರಟೆ. ಹಾಲು ಕಾಸಿಟ್ಟಿದ್ದೀನಿ, ಬೆಕ್ಕಿಗೆ ಬಿಟ್ಟುಕೊಡಬೇಡ. ಸೋಫಾ ಮೇಲಿರೋ ನಿನ್ನ ಮಂಡಿಪಟ್ಟಿಗಳನ್ನ ಬಿಸಿಲಿಗೆ ಹಾಕು, ಮನೆಯೆಲ್ಲ ನಾರ್ತಿದೆ. ಎಷ್ಟು ಸಲ ಹೇಳಬೇಕೋ ನಿನಗೆ.

ಈಗ ಕೇಳು. ನಿನ್ನೆ ನೀನು ಟ್ಯೂಷನ್‌ಗೆ ಹೋದಾಗ ಸ್ಕೇಟ್ ಕಟ್ಟಿಕೊಂಡು ಅಂಗಳಕ್ಕೆ ಹೋಗಿದ್ದೆ. ಜೋರಾಗಿ ಬಂದು ನಿಂತೆ ಕಣೇ, ಗೋಡೆ ಹಿಡಿಯದೆ. ಇಷ್ಟು ದಿನ ಬಸ್ ಓಡಿಸೋ ಚಾಳಿಗೆ, ನಿಲ್ಲಬೇಕು ಅಂದಾಗೆಲ್ಲ ಬಲಗಾಲು ಒತ್ತಿ ಒತ್ತಿ ಬೀಳ್ತಿದ್ದೆ, ನೀನು ಹೊಟ್ಟೆ ಹಿಡ್ಕೊಂಡು ನಗ್ತಿದ್ದೆ. ನಿನ್ನೆ ನೀನು ಹೇಳಿಕೊಟ್ಟ ಹಾಗೇ ಮಂಡಿ ಬಗ್ಗಿಸಿ, ಎರಡೂ ಪಾದ ಒಟ್ಟಿಗೆ ಅಡ್ಡ ತಿರುಗಿಸಿದೆ. ಚಕ್ರ ಕಿರ್ರಂತು, ನಾನು ಬೀಳಲಿಲ್ಲ. ನೋಡೋಕೆ ಒಂದು ನರಪಿಳ್ಳೆಯೂ ಇರಲಿಲ್ಲ, ಅದೇ ಸಂಕಟ.

ಸಂಜೆ ಅಮ್ಮಂದಿರಿಗೂ ಮಕ್ಕಳಿಗೂ ಸ್ಕೇಟ್ ಮೇಲೆ ಹಾಕಿ ಆಟದ ಪಂದ್ಯ. ನಿಮ್ಮ ಕಡೆ ಗೋಲು ಕಾಯೋಳು ನೀನು. ನನ್ನ ಕಾಲು ಸ್ವಲ್ಪ ಜಾರಿದರೂ ಓಡಿಬಂದು ಕೈ ಹಿಡಿಯೋ ಅಭ್ಯಾಸ ನಿನಗೆ. ಇವತ್ತು ಅದನ್ನ ಬಿಡು. ನೀನು ಹಿಡಿಯೋಕೆ ಬಂದರೆ ಗೋಲು ಖಾಲಿ ಇರುತ್ತೆ, ನಾನಂತೂ ಹೊಡೆದೇ ಬಿಡ್ತೀನಿ.

ಅಮ್ಮ